ಧುಮುಕುವ ನೀರಿಗೆ ದುಡಿಮೆ ಕಲಿಸಿದ ದಿವಾನ

ಕೂಡ್ಲಿಗಿಯಿಂದ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಕಡೆಗೆ ಸಾಗುವ ಪ್ರಯಾಣಿಕರಿಗೆ ಇಂದು ಹಲವು ಗುಡ್ಡಗಳ ನೆತ್ತಿಯ ಮೇಲೆ ಬಿಳಿಯ ಗಾಳಿಯಂತ್ರಗಳು ಕಾಣಿಸುತ್ತವೆ. ಮಳೆಯ ವಿಷಯದಲ್ಲಿ ಜಿಪುಣವಾದ ಈ ಸೀಮೆಗೆ ನಿಸರ್ಗವು ಗಾಳಿಯನ್ನು ಮಾತ್ರ ಧಾರಾಳವಾಗಿ ಕೊಟ್ಟಿದೆ. ಹರಿಯುವ ಗಾಳಿ ತಿರುಗುವ ರೆಕ್ಕೆಗೆ ತನ್ನ ಚಲನೆಯ ಒಂದು ಪಾಲನ್ನು ಒಪ್ಪಿಸಿ ಮುಂದಕ್ಕೆ ಹೋಗುತ್ತದೆ. ಆ ಪಾಲು ವಿದ್ಯುತ್ತಾಗಿ ತಂತಿಯ ಮೂಲಕ ದೂರದ ನಗರಗಳನ್ನು ಸೇರುತ್ತದೆ.

ಹರಿಯುವ ದ್ರವ್ಯದಿಂದ ಚಲಿಸುವ ಯಂತ್ರಕ್ಕೆ ಶಕ್ತಿಯನ್ನು ದಾಟಿಸುವ ಈ ವಿದ್ಯೆಯನ್ನು ಕನ್ನಡ ನಾಡಿನಲ್ಲಿ ಮೊದಲಬಾರಿಗೆ ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡವರು ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್. ಅವರು ಎಂಜಿನಿಯರ್ ಆಗಿರಲಿಲ್ಲ. ಕಾನೂನು ಓದಿದವರು, ಕಡತಗಳ ನಡುವೆ ಬೆಳೆದವರು. ಆದರೂ ಕಾವೇರಿಯ ಧುಮುಕುವಿಕೆಯಲ್ಲಿ ಒಂದು ಸಂಸ್ಥಾನದ ಭವಿಷ್ಯವಿದೆಯೆಂದು ನಂಬಿ, ಬಡ ಬೊಕ್ಕಸದ ಹಣವನ್ನು ಅದಕ್ಕೆ ಹೂಡಿದರು. ಆ ನಂಬಿಕೆ ಫಲಿಸಿದ ದಿನವನ್ನು ಕಾಣಲು ಅವರು ಬದುಕಿರಲಿಲ್ಲ.

ಪಾಲಕ್ಕಾಡಿನಿಂದ ಮೈಸೂರಿಗೆ

ಶೇಷಾದ್ರಿ ಅಯ್ಯರ್ 1845ರ ಜೂನ್ 1ರಂದು ಪಾಲಕ್ಕಾಡು ಸಮೀಪದ ಕುಮಾರಪುರಂನಲ್ಲಿ ಜನಿಸಿದರು. ತಂದೆ ಅನಂತನಾರಾಯಣ ಅಯ್ಯರ್ ಕಲ್ಲಿಕೋಟೆಯಲ್ಲಿ ವಕೀಲರಾಗಿದ್ದರು. ಕಲ್ಲಿಕೋಟೆ, ತಿರುವನಂತಪುರಗಳಲ್ಲಿ ವ್ಯಾಸಂಗ ಮಾಡಿದ ಶೇಷಾದ್ರಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದರು. ಕಲ್ಲಿಕೋಟೆಯ ಕಲೆಕ್ಟರ್ ಕಚೇರಿಯಲ್ಲಿ ಭಾಷಾಂತರಕಾರರಾಗಿದ್ದಾಗ ಅಲ್ಲಿಯೇ ಅಧಿಕಾರಿಯಾಗಿದ್ದ ಸಿ. ರಂಗಾಚಾರ್ಲು ಅವರ ಕಣ್ಣಿಗೆ ಬಿದ್ದದ್ದು ಅವರ ಬದುಕಿನ ತಿರುವು. ಮೈಸೂರಿನ ಸೇವೆಗೆ ಬಂದ ರಂಗಾಚಾರ್ಲು, ಈ ಚುರುಕಾದ ಯುವಕನನ್ನೂ 1868ರಲ್ಲಿ ಅಲ್ಲಿಗೆ ಕರೆಸಿಕೊಂಡರು.

ಅಂದು ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಶೇಷಾದ್ರಿ ಅಯ್ಯರ್ ಅಷ್ಟಗ್ರಾಮ ವಿಭಾಗದಲ್ಲಿ ನ್ಯಾಯಾಂಗ ಶಿರಸ್ತೇದಾರರಾಗಿ ವೃತ್ತಿ ಆರಂಭಿಸಿದರು. ಸೇವೆಯಲ್ಲಿದ್ದುಕೊಂಡೇ 1874ರಲ್ಲಿ ಕಾನೂನು ಪದವಿ ಗಳಿಸಿದರು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯೂ ಅದರ ಉತ್ತರಕ್ಕಿದ್ದ ಬಳ್ಳಾರಿ ಜಿಲ್ಲೆಯೂ ತತ್ತರಿಸಿಹೋದವು. ಮಳೆಯನ್ನು ಮಾತ್ರ ನಂಬಿದ ನಾಡು ಒಂದೆರಡು ವರ್ಷಗಳಲ್ಲಿ ಹೇಗೆ ಕುಸಿಯಬಲ್ಲದೆಂಬುದನ್ನು ಆ ಪೀಳಿಗೆಯ ಅಧಿಕಾರಿಗಳು ಹತ್ತಿರದಿಂದ ಕಂಡರು.

1881ರಲ್ಲಿ ಅಧಿಕಾರ ಮರಳಿ ಒಡೆಯರ ಕೈಗೆ ಬಂದಾಗ ರಂಗಾಚಾರ್ಲು ದಿವಾನರಾದರು. 1883ರ ಜನವರಿಯಲ್ಲಿ ಅವರು ಕಾಲವಾದ ಬಳಿಕ ಹತ್ತನೆಯ ಚಾಮರಾಜೇಂದ್ರ ಒಡೆಯರು ಶೇಷಾದ್ರಿ ಅಯ್ಯರ್ ಅವರನ್ನು ಆ ಹುದ್ದೆಗೆ ಆರಿಸಿದರು. ಆಗ ಅವರ ವಯಸ್ಸು 37. ಮುಂದಿನ ಹದಿನೆಂಟು ವರ್ಷ ಮೈಸೂರಿನ ಆಡಳಿತದ ಸೂತ್ರ ಅವರ ಕೈಯಲ್ಲಿತ್ತು. ಕ್ಷಾಮದ ಸಾಲ ಹೊತ್ತ ಸಂಸ್ಥಾನದಲ್ಲಿ ಅವರು ರೈಲುಮಾರ್ಗಗಳನ್ನು ವಿಸ್ತರಿಸಿದರು, ಕೆರೆಗಳನ್ನು ದುರಸ್ತಿ ಮಾಡಿಸಿದರು, ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದರು. ಹೆಸರಘಟ್ಟದ ನೀರನ್ನು ಬೆಂಗಳೂರಿಗೆ ತಂದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪು ತಾಳಿದ್ದು ಅವರ ಕಾಲದಲ್ಲಿಯೇ.

ಎರಡು ಆಡಳಿತಗಳ ನಡುವಿನ ನದಿಗಳು

ಶೇಷಾದ್ರಿ ಅಯ್ಯರ್ ಅವರ ಮೈಸೂರಿನ ಗಡಿ ಹರಿಹರದ ಆಚೆಗೆ ಮುಗಿಯುತ್ತಿತ್ತು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಸೀಮೆಗಳು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಆದರೆ ನದಿಗಳು ಗಡಿಯನ್ನು ಕೇಳುವುದಿಲ್ಲ. ಮಲೆನಾಡಿನಲ್ಲಿ ಹುಟ್ಟಿದ ತುಂಗಭದ್ರೆ ಹರಿಹರವನ್ನು ದಾಟಿ ಹರಪನಹಳ್ಳಿ, ಹಡಗಲಿಗಳ ಪಡುವಣ ಅಂಚನ್ನು ಸವರಿಕೊಂಡು ಹರಿಯುತ್ತಿತ್ತು. ಮೈಸೂರಿನ ವೇದಾವತಿ, ಹಗರಿಯೆಂಬ ಹೆಸರಿನಿಂದ ಬಳ್ಳಾರಿಯ ಬಯಲಿಗೆ ಇಳಿಯುತ್ತಿತ್ತು.

ಮೇಲಿನ ಸೀಮೆಯಲ್ಲಿ ಕಟ್ಟೆ ಕಟ್ಟಿದರೆ ಕೆಳಗಿನ ರೈತರಿಗೆ ನೀರು ಕಡಿಮೆಯಾಗುತ್ತದೆಂಬ ಆತಂಕ ಮದರಾಸಿನದು. ತನ್ನ ನೆಲದ ನೀರನ್ನು ಬಳಸಲು ಪರರ ಅಪ್ಪಣೆಯೇಕೆಂಬ ಪ್ರಶ್ನೆ ಮೈಸೂರಿನದು. 1892ರಲ್ಲಿ ಇವೆರಡರ ನಡುವೆ ಒಪ್ಪಂದವಾಯಿತು. ತುಂಗಭದ್ರೆ, ವೇದಾವತಿ, ಕಾವೇರಿ ಸೇರಿದಂತೆ ಪಟ್ಟಿಮಾಡಿದ ನದಿಗಳ ಮೇಲೆ ಮೈಸೂರು ಹೊಸ ನೀರಾವರಿ ಜಲಾಶಯಗಳನ್ನು ನಿರ್ಮಿಸಬೇಕಾದರೆ ಮದರಾಸಿನ ಪೂರ್ವಸಮ್ಮತಿ ಅಗತ್ಯವಾಯಿತು. ವೇದಾವತಿಗೆ ಮಾರಿಕಣಿವೆಯಲ್ಲಿ ಅಣೆಕಟ್ಟು ನಿರ್ಮಾಣವಾದದ್ದು ಇದರ ನಂತರವೇ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಆ ಕಾಮಗಾರಿ ಅವರ ಮರಣಾನಂತರ, 1907ರಲ್ಲಿ ಮುಗಿಯಿತು.

ನೀರಾವರಿಗೆ ಬಳಸಿದ ನೀರು ಹೊಲದಲ್ಲಿ ಇಂಗುತ್ತದೆ, ಆವಿಯಾಗುತ್ತದೆ; ಕೆಳಗಿನವರಿಗೆ ಅದು ಮರಳಿ ದೊರೆಯುವುದು ಸ್ವಲ್ಪವೇ. ಚಕ್ರವನ್ನು ತಿರುಗಿಸುವ ನೀರಿನ ಸ್ವಭಾವ ಬೇರೆ. ಅದು ಎತ್ತರದಿಂದ ಬರುವಾಗ ಹೊತ್ತು ತಂದ ಶಕ್ತಿಯನ್ನು ಯಂತ್ರಕ್ಕೆ ಒಪ್ಪಿಸಿ, ತಾನು ಇಡಿಯಾಗಿ ನದಿಗೆ ಮರಳುತ್ತದೆ. ಒಂದೇ ಹನಿ ಮೇಲೆ ದೀಪವನ್ನೂ ಕೆಳಗೆ ಪೈರನ್ನೂ ಬೆಳೆಸಬಲ್ಲದು. ನೀರಿನ ಹಂಚಿಕೆಯ ಜಗಳದಲ್ಲಿ ನಲುಗಿದ್ದ ನಾಡಿಗೆ ಜಲವಿದ್ಯುತ್ತಿನ ಈ ಗುಣ ಒಂದು ವರವೇ ಆಗಿತ್ತು.

ಚಿನ್ನದ ಗಣಿಯ ಹಸಿವು

ಕೋಲಾರದ ಚಿನ್ನದ ಗಣಿಗಳು 1880ರ ದಶಕದಿಂದ ವೇಗವಾಗಿ ಬೆಳೆದವು. ಆಳ ಹೆಚ್ಚಿದಂತೆ ನೀರನ್ನು ಎತ್ತಿ ಹೊರಹಾಕಲು, ಅದಿರನ್ನು ಮೇಲಕ್ಕೆ ತರಲು, ಕಲ್ಲನ್ನು ಕುಟ್ಟಿ ಪುಡಿಮಾಡಲು ಹೆಚ್ಚು ಶಕ್ತಿ ಬೇಕಾಯಿತು. ಆ ಕೆಲಸವೆಲ್ಲ ಉಗಿಯಂತ್ರಗಳಿಂದ ನಡೆಯುತ್ತಿತ್ತು. ದೂರದಿಂದ ಬರುವ ಕಲ್ಲಿದ್ದಲು ದುಬಾರಿಯಾಗಿತ್ತು. ಸೌದೆಗಾಗಿ ಸುತ್ತಲಿನ ಕಾಡು ಕರಗುತ್ತಿತ್ತು. ಗಣಿಗಳಿಂದ ಸಂಸ್ಥಾನಕ್ಕೆ ರಾಜಧನ ಸಲ್ಲುತ್ತಿದ್ದುದರಿಂದ ಅವುಗಳ ಕಷ್ಟ ಬೊಕ್ಕಸದ ಕಷ್ಟವೂ ಆಗಿತ್ತು.

ಕಾವೇರಿಯು ಶಿವನಸಮುದ್ರದಲ್ಲಿ ಎರಡಾಗಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುವ ದೃಶ್ಯ ಪ್ರವಾಸಿಗರನ್ನು ಬಹುಕಾಲದಿಂದ ಬೆರಗುಗೊಳಿಸಿತ್ತು. ಆ ನೀರಿನಿಂದ ವಿದ್ಯುತ್ ಉತ್ಪಾದಿಸುವ ಆಲೋಚನೆ 1890ರ ದಶಕದಲ್ಲಿ ಬಲಿಯಿತು. 1895ರಲ್ಲಿ ಅಮೆರಿಕದ ನಯಾಗರ ಜಲಪಾತದಲ್ಲಿ ದೊಡ್ಡ ವಿದ್ಯುದಾಗಾರ ಆರಂಭವಾಗಿ, ಮರುವರ್ಷವೇ ಬಫಲೊ ನಗರಕ್ಕೆ ವಿದ್ಯುತ್ ಹರಿದಿತ್ತು. ಭಾರತದಲ್ಲಿ 1897ರಲ್ಲಿ ಡಾರ್ಜಿಲಿಂಗಿನ ಸಿದ್ರಾಪೋಂಗ್‌ನಲ್ಲಿ ಪಟ್ಟಣದ ದೀಪಗಳಿಗೆಂದು ಒಂದು ಸಣ್ಣ ಜಲವಿದ್ಯುತ್ ಘಟಕ ಚಾಲನೆಗೊಂಡಿತ್ತು. ಆದರೆ ಅದಕ್ಕಿಂತ ಹಲವು ಪಟ್ಟು ದೊಡ್ಡ ಹೊಣೆಯ ಗಣಿ ಉದ್ಯಮವನ್ನು ನೀರಿನ ಶಕ್ತಿಗೆ ಒಪ್ಪಿಸಿದ ಉದಾಹರಣೆ ಈ ದೇಶದಲ್ಲಿ ಇರಲಿಲ್ಲ.

ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ತಂತಿಯ ಹಾದಿ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್. ನಯಾಗರದಿಂದ ಬಫಲೊಗೆ ಇದ್ದ ದೂರದ ಮೂರು ಪಟ್ಟಿಗೂ ಮಿಕ್ಕಿದ್ದು. ಸಂಸ್ಥಾನದ ಉಪ ಮುಖ್ಯ ಎಂಜಿನಿಯರ್ ಆಗಿದ್ದ, ಕೆನಡಾ ಮೂಲದ ಕ್ಯಾಪ್ಟನ್ ಜೋಲಿ ಡಿ ಲಾಟ್ಬಿನಿಯರ್ ಈ ಯೋಜನೆಯನ್ನು ರೂಪಿಸಿದರು. ಶೇಷಾದ್ರಿ ಅಯ್ಯರ್ ಅವರನ್ನು ಯೂರೋಪು ಮತ್ತು ಅಮೆರಿಕಗಳಿಗೆ ಕಳುಹಿಸಿ, ಅಲ್ಲಿನ ವಿದ್ಯುದಾಗಾರಗಳನ್ನು ನೋಡಿ ತಯಾರಕರೊಡನೆ ಮಾತುಕತೆ ನಡೆಸುವ ಅವಕಾಶ ಮಾಡಿಕೊಟ್ಟರು. ಜಲಚಕ್ರಗಳನ್ನು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯೂ ವಿದ್ಯುತ್ ಯಂತ್ರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯೂ ಒದಗಿಸಿದವು.

ಚಕ್ರ ಮತ್ತು ಧಾರೆಯ ಲೆಕ್ಕ

ಜಲಪಾತವನ್ನು ಕಂಡವರೆಲ್ಲರಿಗೂ ಅದರಲ್ಲಿ ಬಲವಿದೆಯೆಂಬುದು ತಿಳಿಯುತ್ತದೆ. ಆ ಬಲವನ್ನು ದುಡಿಮೆಯಾಗಿಸುವುದು ಬೇರೆಯೇ ಮಾತು. ಶಿವನಸಮುದ್ರದಲ್ಲಿ ವಿದ್ಯುದಾಗಾರಕ್ಕೆ ದೊರೆತ ಇಳಿತ ಸುಮಾರು 400 ಅಡಿ. ಅಷ್ಟು ಎತ್ತರದಿಂದ ಯಾವ ಅಡೆತಡೆಯೂ ಇಲ್ಲದೆ ಬೀಳುವ ನೀರು ತಳ ಮುಟ್ಟುವಾಗ ಗಂಟೆಗೆ ಸುಮಾರು 175 ಕಿಲೋಮೀಟರ್ ವೇಗ ಪಡೆಯುತ್ತದೆ. ಬಂಡೆಯ ಮೇಲೆ ಬಿದ್ದರೆ ಆ ಶಕ್ತಿಯೆಲ್ಲ ನೊರೆ, ಸದ್ದು, ಅಲ್ಪ ಬಿಸಿಯಾಗಿ ಚದುರಿಹೋಗುತ್ತದೆ. ಕೊಳವೆಯೊಳಗೆ ಇಳಿಸಿ ತಳದಲ್ಲಿ ಚಕ್ರದ ಅಲಗುಗಳಿಗೆ ಗುರಿಯಿಟ್ಟರೆ ಅದೇ ನೀರು ಯಂತ್ರವನ್ನು ತಿರುಗಿಸುತ್ತದೆ. ಸೆಕೆಂಡಿಗೆ ಒಂದು ಘನ ಮೀಟರ್ ನೀರು ಇಷ್ಟು ಎತ್ತರದಿಂದ ಇಳಿದರೆ ತಾತ್ವಿಕವಾಗಿ ದೊರೆಯುವುದು ಸುಮಾರು 1,200 ಕಿಲೋವ್ಯಾಟ್.

ನೀರಿನ ಧಾರೆ ಅಲಗಿಗೆ ಬಡಿದು ದಿಕ್ಕು ಬದಲಿಸುವಾಗ ಅದರ ಸಂವೇಗ ಬದಲಾಗುತ್ತದೆ. ಆ ಬದಲಾವಣೆಯೇ ಅಲಗಿನ ಮೇಲೆ ಬಲವಾಗಿ ಎರಗುತ್ತದೆ. ಧಾರೆಯನ್ನು ಅಲಗು ಬರಿದೆ ತಡೆದರೆ ಒಂದು ಪಾಲು ಬಲ. ಬಂದ ದಾರಿಯತ್ತಲೇ ಹಿಂದಕ್ಕೆ ತಿರುಗಿಸಿದರೆ ಹೆಚ್ಚುಕಡಿಮೆ ಇಮ್ಮಡಿ ಬಲ. ಆದರೆ ಬಲ ಇದ್ದಮಾತ್ರಕ್ಕೆ ಶಕ್ತಿ ದಾಟುವುದಿಲ್ಲ. ಕೆಸರಿನಲ್ಲಿ ಹೂತ ಬಂಡಿಯನ್ನು ಎತ್ತುಗಳು ಎಷ್ಟು ಎಳೆದರೂ ಗಾಲಿ ಕದಲದಿದ್ದರೆ ಹೊರೆ ಊರು ಸೇರುವುದಿಲ್ಲ. ಹಾಗೆಯೇ ನಿಂತ ಚಕ್ರಕ್ಕೆ ಧಾರೆ ಎಷ್ಟು ಜೋರಾಗಿ ಬಡಿದರೂ ಕೆಲಸ ಶೂನ್ಯ. ಚಕ್ರದ ಅಂಚು ಧಾರೆಯಷ್ಟೇ ವೇಗದಲ್ಲಿ ಓಡಿದರೆ ಧಾರೆ ಅದನ್ನು ತಳ್ಳುವುದೇ ಇಲ್ಲ. ಆಗಲೂ ಕೆಲಸ ಶೂನ್ಯ.

ಇವೆರಡರ ನಡುವೆ, ಅಂಚಿನ ವೇಗ ಧಾರೆಯ ವೇಗದ ಅರ್ಧದಷ್ಟಿರುವಾಗ, ಧಾರೆಯನ್ನು ಹಿಂದಕ್ಕೆ ತಿರುಗಿಸುವ ಚಕ್ರಕ್ಕೆ ಗರಿಷ್ಠ ಶಕ್ತಿ ದೊರೆಯುತ್ತದೆ. ಆಗ ಅಲಗನ್ನು ಬಿಟ್ಟ ನೀರು ತನ್ನ ಓಟವನ್ನೆಲ್ಲ ಕಳೆದುಕೊಂಡು ಸುಮ್ಮನೆ ಕೆಳಗೆ ಬೀಳುತ್ತದೆ. ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳ ನೆರೆಯಲ್ಲಿ ಬಡಗಿ ಕೆಲಸ ಮಾಡುತ್ತಿದ್ದ ಲೆಸ್ಟರ್ ಪೆಲ್ಟನ್ 1880ರಲ್ಲಿ ಹಕ್ಕುಪತ್ರ ಪಡೆದ ಜೋಡಿಬಟ್ಟಲಿನ ಚಕ್ರ ಈ ತತ್ವದ್ದೇ ಫಲ. ತುಂಬಿದ ಕವಚದೊಳಗೆ ನೀರಿನ ಒತ್ತಡವನ್ನೂ ಬಳಸಿಕೊಳ್ಳುವ ಇತರ ಟರ್ಬೈನುಗಳ ರಚನೆ ಬೇರೆಯಾದರೂ ಮೂಲ ಲೆಕ್ಕ ಒಂದೇ. ಒಳಬರುವ ನೀರಿನ ಸುತ್ತುವ ಚಲನೆಗೂ ಹೊರಹೋಗುವ ನೀರಿನ ಸುತ್ತುವ ಚಲನೆಗೂ ಇರುವ ವ್ಯತ್ಯಾಸವೇ ಚಕ್ರದ ಗಳಿಕೆ. ಗಣಿತಜ್ಞ ಆಯ್ಲರ್ 18ನೆಯ ಶತಮಾನದಲ್ಲಿಯೇ ಇದನ್ನು ಸೂತ್ರೀಕರಿಸಿದ್ದರು.

ಲೆಕ್ಕ ಸರಳವಾಗಿದ್ದರೂ ಅದನ್ನು ಕಬ್ಬಿಣದಲ್ಲಿ ಕೂರಿಸುವುದು ಸುಲಭವಾಗಿರಲಿಲ್ಲ. ಭಾರವಾದ ಯಂತ್ರಭಾಗಗಳು ರೈಲಿನಲ್ಲಿ ಮದ್ದೂರಿನವರೆಗೆ ಬಂದು, ಅಲ್ಲಿಂದ ಬಂಡಿಗಳ ಮೇಲೆ ಕಣಿವೆಯತ್ತ ಸಾಗಬೇಕಾಗಿತ್ತು. ಹೊರೆ ಎಳೆಯಲು ಆನೆಗಳನ್ನೂ ಬಳಸಿದರು. ಕಾಡಿನ ನಡುವೆ ನಾಲೆ ತೋಡಿ, ಕಡಿದಾದ ಇಳಿಜಾರಿನಲ್ಲಿ ಉಕ್ಕಿನ ಕೊಳವೆಗಳನ್ನು ಇಳಿಸಿ, ತಳದಲ್ಲಿ ತಲಾ 720 ಕಿಲೋವ್ಯಾಟ್ ಸಾಮರ್ಥ್ಯದ ಆರು ಯಂತ್ರಗಳನ್ನು ಸ್ಥಾಪಿಸಲಾಯಿತು.

ಹೂಡಿಕೆ ಮತ್ತು ಟೀಕೆ

ಈ ಯೋಜನೆಯಲ್ಲಿ ಪಣಕ್ಕಿಟ್ಟದ್ದು ಯಂತ್ರಗಳನ್ನು ಮಾತ್ರವಲ್ಲ. ತಂತಿ ಕೈಕೊಟ್ಟಿದ್ದರೆ ಆಳದ ಗಣಿಗಳ ಕೆಲಸ ಸ್ಥಗಿತಗೊಳ್ಳುತ್ತಿತ್ತು, ಸಂಸ್ಥಾನದ ಹಣ ಕಾವೇರಿಯ ಪಾಲಾಗುತ್ತಿತ್ತು. ಕಾಲವೂ ಅನುಕೂಲಕರವಾಗಿರಲಿಲ್ಲ. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲಿಕವಾಗಿ ನಿಧನರಾದರು. ಉತ್ತರಾಧಿಕಾರಿ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕ. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿ ಹೊಣೆ ಹೊತ್ತರು. ಶೇಷಾದ್ರಿ ಅಯ್ಯರ್ ಆಡಳಿತವನ್ನು ಮುನ್ನಡೆಸಿದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು.

ಟೀಕಾಕಾರರೂ ಕಡಿಮೆ ಇರಲಿಲ್ಲ. ಉನ್ನತ ಹುದ್ದೆಗಳಿಗೆ ಮದರಾಸು ಕಡೆಯವರನ್ನು ತಂದು ತುಂಬುತ್ತಾರೆ, ಅಧಿಕಾರವನ್ನು ಒಂದೇ ಕೈಯಲ್ಲಿ ಇರಿಸಿಕೊಳ್ಳುತ್ತಾರೆ ಎಂಬ ಅಸಮಾಧಾನ ಮೈಸೂರಿಗರಲ್ಲಿ ಬೆಳೆದಿತ್ತು. ಆ ಅಸಮಾಧಾನಕ್ಕೆ ಕಾರಣಗಳೂ ಇದ್ದವು. ಹೊಸ ವಿದ್ಯುತ್ ಮೊದಲು ತಲುಪಲಿದ್ದುದು ಕೂಡ ವಿದೇಶಿ ಷೇರುದಾರರ ಗಣಿಗಳಿಗೆ. ರೈತನ ಮನೆಗೆ ಅದರಿಂದ ಒಂದು ದೀಪವೂ ದೊರೆಯುವಂತಿರಲಿಲ್ಲ. ಆದರೆ ಖಚಿತವಾಗಿ ಹಣ ಕೊಡುವ ದೊಡ್ಡ ಗಿರಾಕಿಯಿಲ್ಲದೆ ಇಂಥ ಯೋಜನೆಯನ್ನು ಬಡ ಸಂಸ್ಥಾನವೊಂದು ಆರಂಭಿಸುವುದು ಸಾಧ್ಯವಿರಲಿಲ್ಲ. ಗಣಿಯಿಂದ ಬಂದ ಆದಾಯ ಮುಂದೆ ಊರಿನ ದೀಪಕ್ಕೆ ಎಣ್ಣೆಯಾಯಿತು.

ಮುಂಚಿತವಾಗಿ ಕರಾರು ಮಾಡಿಕೊಂಡು, ವಿದ್ಯುತ್ತಿನ ಮಾರಾಟವನ್ನು ಖಚಿತಪಡಿಸಿಕೊಂಡ ಮೇಲೆಯೇ ಸರ್ಕಾರ ಮುಂದುವರಿಯಿತು. 1900ರಲ್ಲಿ ಕಾಮಗಾರಿ ಭರದಿಂದ ಸಾಗಿತು. ದಿವಾನರ ಆರೋಗ್ಯ ಮಾತ್ರ ಕುಸಿಯುತ್ತಿತ್ತು. 1901ರಲ್ಲಿ ಅವರು ಅಧಿಕಾರದಿಂದ ನಿವೃತ್ತರಾದರು. ಅದೇ ವರ್ಷ ಸೆಪ್ಟೆಂಬರ್ 13ರಂದು, 56ನೆಯ ವಯಸ್ಸಿನಲ್ಲಿ, ನಿಧನ ಹೊಂದಿದರು. ಕಣಿವೆಯಲ್ಲಿ ಚಕ್ರಗಳು ಇನ್ನೂ ತಿರುಗಿರಲಿಲ್ಲ.

ಬೆಳಕು ಬಂದ ನಂತರ

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ ಕೋಲಾರದ ಗಣಿಗಳನ್ನು ತಲುಪಿತು. ಶೇಷಾದ್ರಿ ಅಯ್ಯರ್ ತೀರಿಕೊಂಡು ಒಂಬತ್ತೂವರೆ ತಿಂಗಳಾಗಿತ್ತು. ಅಂದಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿನಲ್ಲಿ ಅದೂ ಒಂದಾಗಿತ್ತು. ಗಣಿಗಳ ಬೇಡಿಕೆ ಬೇಗನೆ ಹೆಚ್ಚಿತು, ಯಂತ್ರಗಳ ಸಂಖ್ಯೆಯೂ ಬೆಳೆಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹೊತ್ತಿತು. 1908ರಲ್ಲಿ ಮೈಸೂರು ನಗರಕ್ಕೆ ಬೆಳಕು ಬಂತು.

ಹರಿಯುವ ನೀರನ್ನು ನಂಬಿದ ವಿದ್ಯುದಾಗಾರಕ್ಕೆ ಬೇಸಿಗೆಯೇ ಶತ್ರು. ಕಾವೇರಿ ಸೊರಗಿದಾಗ ಚಕ್ರಗಳೂ ಸೊರಗುತ್ತಿದ್ದವು. ಮಳೆಗಾಲದ ನೀರನ್ನು ಕೂಡಿಟ್ಟು ವರ್ಷವಿಡೀ ಸಮನಾಗಿ ಹರಿಸುವ ಅಗತ್ಯ ಕನ್ನಂಬಾಡಿ ಅಣೆಕಟ್ಟೆಯ ನಿರ್ಮಾಣಕ್ಕೆ ಒಂದು ಮುಖ್ಯ ಪ್ರೇರಣೆಯಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ 1911ರಲ್ಲಿ ಆ ಕೆಲಸ ಮೊದಲಾಯಿತು. ಒಬ್ಬರು ಆರಂಭಿಸಿದ್ದನ್ನು ಇನ್ನೊಬ್ಬರು ಪೂರ್ಣಗೊಳಿಸುವ ಪರಂಪರೆಯ ಉತ್ತಮ ನಿದರ್ಶನವಿದು.

ಬಳ್ಳಾರಿ ಸೀಮೆಗೆ ಆ ಕಾಲದಲ್ಲಿ ಇದರ ಫಲ ದೊರೆಯಲಿಲ್ಲ. ತುಂಗಭದ್ರೆ ಅಲ್ಲಿ ಬಯಲಿನ ನದಿ. ನೀರು ಬಹಳ, ಇಳಿತ ಸ್ವಲ್ಪ. 400 ಅಡಿಯ ಬದಲು 60 ಅಡಿಯ ಇಳಿತವಿದ್ದರೆ ಅಷ್ಟೇ ಶಕ್ತಿಗೆ ಆರೇಳು ಪಟ್ಟು ನೀರು ಬೇಕಾಗುತ್ತದೆ. ಇಳಿತವನ್ನೂ ಮನುಷ್ಯನೇ ಕಟ್ಟೆ ಕಟ್ಟಿ ಸೃಷ್ಟಿಸಬೇಕಾಗುತ್ತದೆ. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ನೀರು ತುಂಬಿಕೊಂಡಿತು. ಹಗರಿಬೊಮ್ಮನಹಳ್ಳಿ, ಹಡಗಲಿ ಭಾಗದ ಹಲವು ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು. ಕೆಳಗಿನ ಬಯಲಿಗೆ ನಾಲೆಯೂ ವಿದ್ಯುತ್ತೂ ಬಂದವು. ಅದೇ ವರ್ಷ ಅಕ್ಟೋಬರ್ 1ರಂದು ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಶೇಷಾದ್ರಿ ಅಯ್ಯರ್ ಕಾಲದ ಗಡಿ ಅಳಿಸಿಹೋಯಿತು. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಈಗ ಐದು ತಾಲ್ಲೂಕುಗಳೂ ಒಂದಾಗಿವೆ.

ನದಿ ದೊಡ್ಡ ಇಳಿತವನ್ನು ಕೊಡದ ಈ ನಾಡಿನಲ್ಲಿ ಇಂದು ಗಾಳಿ ಆ ಕೊರತೆಯನ್ನು ತುಂಬುತ್ತಿದೆ. ಇಲ್ಲಿನ ಲೆಕ್ಕದಲ್ಲಿ ಒಂದು ವ್ಯತ್ಯಾಸವುಂಟು. ಅಲಗಿಗೆ ಬಡಿದ ನೀರು ತನ್ನ ವೇಗವನ್ನೆಲ್ಲ ಒಪ್ಪಿಸಿ ಕೆಳಗೆ ಬೀಳಬಲ್ಲದು. ಗಾಳಿ ಹಾಗೆ ನಿಂತುಬಿಟ್ಟರೆ ಹಿಂದಿನಿಂದ ಬರುವ ಗಾಳಿಗೆ ದಾರಿಯೇ ಇರುವುದಿಲ್ಲ. ಆದ್ದರಿಂದ ಗಾಳಿಯಂತ್ರ ಎಷ್ಟೇ ಉತ್ತಮವಾಗಿದ್ದರೂ ತನ್ನ ಮೇಲೆ ಹಾಯುವ ಗಾಳಿಯ ಶಕ್ತಿಯಲ್ಲಿ ಶೇಕಡ 59ಕ್ಕಿಂತ ಹೆಚ್ಚನ್ನು ಪಡೆಯಲಾರದು. ಜರ್ಮನಿಯ ಆಲ್ಬರ್ಟ್ ಬೆಟ್ಸ್ 1920ರಲ್ಲಿ ಈ ಮಿತಿಯನ್ನು ಪ್ರಕಟಿಸಿದರು. ಗಾಳಿಯ ವೇಗ ಇಮ್ಮಡಿಯಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಗುಡ್ಡದ ನೆತ್ತಿಯನ್ನೇ ಆರಿಸುವುದಕ್ಕೆ ಕಾರಣವಿದು.

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ 1913ರಲ್ಲಿ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆಯನ್ನು ವೈಸರಾಯ್ ಲಾರ್ಡ್ ಹಾರ್ಡಿಂಜ್ ಅನಾವರಣಗೊಳಿಸಿದರು. ಅದರ ಹಿಂದಿನ ಕೆಂಪು ಕಟ್ಟಡ ಅವರ ಸ್ಮಾರಕವಾಗಿ ನಿಂತು, ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ನೆಲೆಯಾಯಿತು. ಶೇಷಾದ್ರಿಪುರ ಅವರ ಹೆಸರನ್ನು ದಿನವೂ ಜನರ ಬಾಯಲ್ಲಿ ಇರಿಸಿದೆ.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಯಾವ ಚಿನ್ನಕ್ಕಾಗಿ ಕಾವೇರಿಯ ಓಟವನ್ನು ಚಕ್ರಕ್ಕೆ ಕಟ್ಟಲಾಯಿತೋ ಆ ಚಿನ್ನದ ಕಥೆ ಅಲ್ಲಿಗೆ ಮುಗಿಯಿತು. ಗಣಿಗಾಗಿ ಕಲಿತ ವಿದ್ಯೆ ಮಾತ್ರ ನಾಡಿನಲ್ಲಿಯೇ ಉಳಿಯಿತು. ಜೋಗದಲ್ಲಿ, ಶರಾವತಿಯಲ್ಲಿ, ತುಂಗಭದ್ರೆಯಲ್ಲಿ ಅದು ಬೆಳೆಯಿತು. ಒಂದು ಕಾಲಕ್ಕೆ ಆ ದಿವಾನರ ಗಡಿಯ ಆಚೆಗಿದ್ದ ಕೂಡ್ಲಿಗಿ, ಹರಪನಹಳ್ಳಿಗಳ ಗುಡ್ಡಗಳ ಮೇಲೆ ಈಗ ಗಾಳಿಯೂ ಅದೇ ಪಾಠವನ್ನು ಒಪ್ಪಿಸುತ್ತಿದೆ.